ಪ್ರೆಸ್ಸಿನಮ್ಮನ ಕುರ್ಚಿ

ಕಾಜಾ ಅಕ್ಕ ಎಂಬುದು ಅವಳ ಹೆಸರಲ್ಲ, ಅವಳ ಕೆಲಸ. ಅಂಗಿಯ ಗುಂಡಿ ತೂರಿಸಲು ಬಟ್ಟೆಯಲ್ಲಿ ಒಂದು ಸೀಳು ಇರುತ್ತದಲ್ಲ, ಅದರ ಅಂಚು ಬಿಚ್ಚಿಹೋಗದಂತೆ ಸುತ್ತಲೂ ದಾರ ಹೊಲಿಯುವುದಕ್ಕೆ ಕಾಜಾ ಹಾಕುವುದು ಎನ್ನುತ್ತಾರೆ. ನೋಡುವವರಿಗೆ ಅದೊಂದು ಕೆಲಸವೇ ಅಲ್ಲ. ಅಂಗಿ ಕೊಳ್ಳುವವರು ಬಟ್ಟೆ ನೋಡುತ್ತಾರೆ, ಕಾಲರು ನೋಡುತ್ತಾರೆ. ಕಾಜಾ ನೋಡುವವರು ಯಾರೂ ಇಲ್ಲ, ಅದು ಕೆಟ್ಟರೆ ಮಾತ್ರ ಕಣ್ಣಿಗೆ ಬೀಳುತ್ತದೆ. ಅವಳು ಹಾಕಿದ ಕಾಜಾ ಕೆಡಲಿಲ್ಲ, ಹಾಗಾಗಿ ಅವಳೂ ಯಾರ ಕಣ್ಣಿಗೂ ಬೀಳಲಿಲ್ಲ.

ಲಂಗ ಉಡುವ ವಯಸ್ಸಿನಲ್ಲಿ ದರ್ಜಿ ಅಂಗಡಿಯ ಮೂಲೆಯ ಮಣೆಯ ಮೇಲೆ ಕೂತವಳು ತಲೆ ಬೆಳ್ಳಗಾಗುವವರೆಗೂ ಅಲ್ಲೇ ಕೂತಿದ್ದಳು. ತುಟಿಯ ನಡುವೆ ಸದಾ ಒಂದು ಎಳೆ ದಾರ. ದಾರ ಕಚ್ಚಿದ ಬಾಯಿಂದ ಮಾತು ಎಲ್ಲಿಂದ ಬರಬೇಕು? "ಇವಳ ಬಾಯಿಗೂ ಕಾಜಾ ಹಾಕಿ ಗುಂಡಿ ತೊಡಿಸಿಬಿಟ್ಟಿದಾರೆ ಕಣ್ರೋ" ಎಂದು ಕಟಿಂಗ್ ಮಾಸ್ಟರು ನಗಾಡುತ್ತಿದ್ದ. ಅವಳೂ ದಾರ ಬೀಳದಂತೆ ನಗುತ್ತಿದ್ದಳು. ಮದುವೆಯ ಪ್ರಸ್ತಾಪ ಒಂದೆರಡು ಸಲ ಬಂತು, ಬಂದ ದಾರಿಯಲ್ಲೇ ಹೋಯಿತು. ತಮ್ಮನ ಮನೆಯಲ್ಲಿ ಉಳಿದಳು. ತಮ್ಮನಿಗೆ ಮದುವೆಯಾಯಿತು, ಮಗಳು ಹುಟ್ಟಿದಳು. ಮುಂದೆ ತಮ್ಮನೂ ಹೋದ, ತಮ್ಮನ ಹೆಂಡತಿಯೂ ಹೋದಳು. ಆ ಮಗಳು ಬೆಳೆದು ಸಂಸಾರ ಹೂಡಿದಾಗ ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋದಳು. ಕೆಟ್ಟ ಹುಡುಗಿಯಲ್ಲ.

ಒಂದು ಬೆಳಿಗ್ಗೆ ಸೂಜಿಗೆ ದಾರ ಪೋಣಿಸುತ್ತಿದ್ದಾಗ ಸೂಜಿ ಕೈಯಿಂದ ಜಾರಿತು. ಎತ್ತಿಕೊಳ್ಳೋಣ ಎಂದರೆ ಬಲಗೈ ಹೋಗಲೊಲ್ಲದು. ಯಾರನ್ನಾದರೂ ಕೂಗೋಣ ಎಂದರೆ ನಾಲಿಗೆ ಹೊರಳಲೊಲ್ಲದು. ಲಕ್ವ ಹೊಡೆದಿತ್ತು. ಆಸ್ಪತ್ರೆಯವರು ಜೀವ ಉಳಿಸಿದರು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು, ಒಂದನ್ನು ಬಿಟ್ಟು.

ಆ ಒಂದು ಮಾತು "ಆಯ್ತು". ಯಾಕೆ ಅದೇ ಉಳಿಯಿತೋ ದೇವರೇ ಬಲ್ಲ. ಜೀವಮಾನವಿಡೀ ಎಲ್ಲರಿಗೂ ಅದನ್ನೇ ಹೇಳಿಕೊಂಡು ಬಂದಿದ್ದಳು, ಅದಕ್ಕೇ ಇರಬಹುದು. ತಲೆಯೊಳಗೆ ಎಲ್ಲವೂ ನೆಟ್ಟಗಿತ್ತು. ನೀರು ಬೇಕು, ಕಿಟಕಿ ಹಾಕಿ, ಕಾಲು ನೋಯುತ್ತಿದೆ ಎಂದು ಮಾತು ತುಟಿಯವರೆಗೂ ಬರುತ್ತಿತ್ತು, ಹೊರಗೆ ಬೀಳುವಾಗ "ಆಯ್ತು" ಆಗಿಬಿಡುತ್ತಿತ್ತು. ತಮ್ಮನ ಮಗಳು ಒಂದು ಉಪಾಯ ಕಲಿಸಿದಳು. "ಅತ್ತೆ, ಹೌದು ಅನ್ನೋಕೆ ಆಯ್ತು ಅನ್ನಿ. ಇಲ್ಲ ಅನ್ನೋಕೆ ಬಾಯಿ ಮುಚ್ಕೊಂಡು ಸುಮ್ನಿರಿ, ಅಷ್ಟೇ." ಸುಮ್ಮನಿರುವುದೇ ಕಷ್ಟವಾಗಿತ್ತು. ಗಾಬರಿಯಾದರೆ, ಅಳು ಬಂದರೆ, ಬೇಡ ಎನ್ನಬೇಕಾದ ಕಡೆಯೂ ಅದು ತಾನಾಗಿ ಉರುಳಿಬೀಳುತ್ತಿತ್ತು. ಅದನ್ನು ತಡೆಯಲು ಅವಳಿಗೆ ಇದ್ದದ್ದು ಒಂದೇ ದಾರಿ, ಎಡಗೈಯಿಂದ ಬಾಯಿ ಮುಚ್ಚಿಕೊಳ್ಳುವುದು.

ಮನೆಯಲ್ಲಿ ಎಲ್ಲರೂ ಕೆಲಸಕ್ಕೆ ಹೋಗುವವರು. ಎತ್ತಿ ಕೂರಿಸುವವರಿಲ್ಲ. ಹೀಗೆ ಅವಳು ಆಶ್ರಯಕ್ಕೆ ಬಂದಳು.

ಆಶ್ರಯ ಎಂದರೆ ಉದ್ದನೆಯ ಒಂದಂತಸ್ತಿನ ಕಟ್ಟಡ. ಎಡಗಡೆ ಹೆಂಗಸರು, ಬಲಗಡೆ ಗಂಡಸರು, ನಡುವೆ ಊಟದ ಹಾಲು. ಎರಡು ಕಡೆಗೂ ಒಬ್ಬೊಬ್ಬಳು ಆಯಾ, ಎಲ್ಲದರ ಮೇಲೆ ಮೇಡಂ. ಕೈಯಿಲ್ಲದವರು, ಕಾಲಿಲ್ಲದವರು, ಕಣ್ಣಿಲ್ಲದವರು, ಎಲ್ಲ ಇದ್ದೂ ನಡುಗುವವರು. ಹಿಂದೆ ಒಂದು ಜಗಲಿ. ಅದರ ಗೋಡೆಗೆ ತಾಗಿದಂತೆ ಉದ್ದದ ಬೆಂಚು, ಎದುರಿಗೆ ಬಟ್ಟೆ ಒಣಹಾಕುವ ತಂತಿ. ಆಚೆ ಕಾಂಪೌಂಡು, ಅದರಾಚೆ ರಸ್ತೆ. ರಸ್ತೆಯಲ್ಲಿ ಹೋಗುವ ಬಸ್ಸಿನ ಮೇಲ್ಭಾಗ ಮಾತ್ರ ಕಾಣುತ್ತಿತ್ತು.

ಮೊದಲು ಅವಳು ಹಾಸಿಗೆಯಲ್ಲೇ ಇದ್ದಳು. ಪಕ್ಕದ ಹಾಸಿಗೆಯವಳು ಪ್ರೆಸ್ಸಿನಮ್ಮ. ಛಾಪಖಾನೆಯಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವಳು. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಎರಡು ಕಾಲೂ ಬಿದ್ದುಹೋಗಿದ್ದವು. ಅದಕ್ಕೆ ಬದಲು ಎಂಬಂತೆ ನಾಲಿಗೆ ಎರಡರಷ್ಟು ಉದ್ದ ಇತ್ತು. ಅವಳು ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದಳು. ಹಳೆಯ ಕುರ್ಚಿ. ಮುಂದಿನ ಬಲಗಡೆಯ ಚಿಕ್ಕ ಗಾಲಿ ಸುತ್ತು ಬಂದಾಗಲೆಲ್ಲ ಕಿರ್ ಎಂದು ಒಮ್ಮೆ ಕೂಗಿ, ಸ್ವಲ್ಪ ತಡೆದು ಇನ್ನೊಮ್ಮೆ ಕೂಗುತ್ತಿತ್ತು. "ನಾನು ಬರೋದು ಇಡೀ ಊರಿಗೇ ಗೊತ್ತಾಗ್ಬೇಕು. ಕಳ್ಳತನ ಮಾಡೋಕೆ ನನ್ನಿಂದಾಗಲ್ಲ ಬಿಡಿ" ಎನ್ನುತ್ತಿದ್ದಳು.

ಕುರ್ಚಿಯ ಎಡಗೈ ಆಸರೆಯ ರೆಕ್ಸಿನ್ ಹರಿದುಹೋಗಿತ್ತು. ಅದರ ಮೇಲೆ ಯಾರೋ ಬೆತ್ತದ ಸೀಳು ಸುತ್ತಿದ್ದರು. ಕಾಜಾ ಅಕ್ಕ ಮಲಗಿದಲ್ಲಿಂದಲೇ ಅದನ್ನು ನೋಡುತ್ತಿದ್ದಳು. ಒಂದು ಸುತ್ತಿನ ಮೇಲೆ ಇನ್ನೊಂದು ಹತ್ತಿಲ್ಲ, ನಡುವೆ ಎಲ್ಲೂ ಸಂದಿಲ್ಲ. ಬೆತ್ತದ ಕೊನೆ ಚುಚ್ಚದಂತೆ ಒಳಗೆ ಎಲ್ಲಿ ಸಿಕ್ಕಿಸಿದ್ದಾರೆ ಎಂದು ಹುಡುಕಿದರೂ ಸಿಗಲಿಲ್ಲ. ದಾರದ ಕೊನೆ ಅಡಗಿಸುವುದು ಎಷ್ಟು ಕಷ್ಟ ಎಂದು ಅವಳಿಗೆ ಗೊತ್ತು. ಇದನ್ನು ಸುತ್ತಿದವರ ಕೈ ಒಳ್ಳೆಯ ಕೈ ಎಂದುಕೊಂಡಳು.

ಆ ಕೈ ಗಂಡಸರ ಕಡೆಯ ಬೆತ್ತದವರದು. ಕಣ್ಣಿಲ್ಲದವರು. ಚಿಕ್ಕಂದಿನಿಂದ ಬೆತ್ತದ ಕುರ್ಚಿ ಹೆಣೆದು ಬದುಕಿದವರು. ವಯಸ್ಸಾಗಿ ಆಶ್ರಯಕ್ಕೆ ಬಂದ ಮೇಲೂ ಜಗಲಿಯ ಬೆಂಚಿನ ಮೇಲೆ ಕೂತು ಮುರುಕು ಸ್ಟೂಲನ್ನೋ ಬುಟ್ಟಿಯನ್ನೋ ಕಟ್ಟುತ್ತಿದ್ದರು. ಅವರಿಗೂ ಪ್ರೆಸ್ಸಿನಮ್ಮನಿಗೂ ಬೆಳೆದ ಸಲಿಗೆ ಎಲ್ಲರಿಗೂ ಗೊತ್ತಿತ್ತು. ಅವಳು ಪತ್ರಿಕೆ ಓದಿ ಹೇಳುತ್ತಿದ್ದಳು, ಅಲ್ಲಿ ಇಲ್ಲದ ಸುದ್ದಿಯನ್ನೂ ಸೇರಿಸುತ್ತಿದ್ದಳು. ಅವರು ನಂಬಿದ ಹಾಗೆ ನಟಿಸುತ್ತಿದ್ದರು.

ಇವೆಲ್ಲ ಕಾಜಾ ಅಕ್ಕನಿಗೆ ತಿಳಿದದ್ದು ಪ್ರೆಸ್ಸಿನಮ್ಮನ ಬಾಯಿಂದಲೇ. ತಿರುಗಿ ಯಾರಿಗೂ ಹೇಳಲಾರದವಳು ಪಕ್ಕದಲ್ಲೇ ಸಿಕ್ಕರೆ ಯಾರು ಬಿಡುತ್ತಾರೆ?

"ನೋಡಿ ಕಾಜಾ ಅಕ್ಕ, ನಿಮ್ಮ ಹತ್ರ ಹೇಳ್ಕೊಂಡ್ರೆ ಬಾವಿಗೆ ಹಾಕಿದ ಹಾಗೆ" ಎಂದು ಶುರು ಮಾಡುತ್ತಿದ್ದಳು. "ಆಚೆ ಕಡೆ ಕೋಣೆ ಒಂದು ಖಾಲಿಯಾಯ್ತಲ್ಲ, ಚಿಕ್ಕದು, ಇಬ್ಬರಿಗೆ ಸಾಕು. ಮೇಡಂ ಹತ್ರ ಕೇಳೋಣ, ನಮ್ಮಿಬ್ಬರಿಗೆ ಕೊಡಿ ಅಂತ, ಅಂತ ನಾನೇ ಬಾಯಿಬಿಟ್ಟು ಅಂದೆ. ಬೆತ್ತದವರು ಸರಿ ಅಂದ್ರು. ಊಟದ ಹಾಲಲ್ಲಿ ಎಲ್ಲರೂ ಕೂತಿದ್ವಿ. ನಾನು ಕೇಳಿದೆ. ಮೇಡಂ ನಕ್ಕರು. ಎಲ್ಲರೂ ನಕ್ಕರು. ಹೌದೇನ್ರಿ ಬೆತ್ತದವರೇ ಅಂತ ಮೇಡಂ ಕೇಳಿದ್ರೆ ಇವರೇನಂದ್ರು ಗೊತ್ತಾ? ಹಾಗೇನಿಲ್ಲ ಮೇಡಂ, ಅವಳದ್ದು ಸುಮ್ನೆ ತಮಾಷೆ. ತಮಾಷೆಯಂತೆ! ಎಲ್ಲರೆದುರು ನನ್ನ ಮುಖಕ್ಕೆ ಮಸಿ ಬಳಿದ ಹಾಗಾಯ್ತು."

ಅಂದಿನಿಂದ ಪ್ರೆಸ್ಸಿನಮ್ಮ ಬೆತ್ತದವರೊಂದಿಗೆ ಮಾತು ಬಿಟ್ಟಳು. ಜಗಲಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ದಿನವೂ ಕುರ್ಚಿ ಕಿರ್ ಎನ್ನಿಸಿಕೊಂಡು ಹೋಗಿ ಬೆಂಚಿನ ಪಕ್ಕದಲ್ಲೇ ನಿಲ್ಲಿಸಿ, ತುಟಿಪಿಟಕ್ಕೆನ್ನದೆ ಕೂತು ಬರುತ್ತಿದ್ದಳು. ಕಣ್ಣಿಲ್ಲದವರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ ಎಂದು ಅವಳಿಗೆ ಗೊತ್ತಿತ್ತು.

"ಇನ್ನು ಸ್ವಲ್ಪ ದಿನ ಸತಾಯಿಸ್ತೀನಿ" ಎಂದಳು ಒಂದು ಸಂಜೆ, ಕೆಮ್ಮುತ್ತ. ದನಿ ಕೂತುಹೋಗಿತ್ತು. "ಸಿಟ್ಟೆಲ್ಲ ಯಾವಾಗಲೋ ಇಳಿದುಹೋಯ್ತು ಅಕ್ಕ. ನನಗೂ ಮಾತಿಲ್ಲದೆ ಬಾಯಿ ಕೆರೀತಾ ಇದೆ. ಈ ಹಾಳು ಕೆಮ್ಮು ಒಂದು ಕಡಿಮೆಯಾಗ್ಲಿ, ನಾನೇ ಹೋಗಿ ಮಾತಾಡಿಸ್ತೀನಿ. ಅವರಿಗೇನು ಧೈರ್ಯ ಇದೆ, ಪಾಪ. ನಕ್ಕರೆ ಯಾರು ನಕ್ಕರು ಅಂತಾನೂ ಕಾಣಲ್ಲ ಅವರಿಗೆ."

"ಆಯ್ತು" ಎಂದಳು ಕಾಜಾ ಅಕ್ಕ. ಆ ಸಲ ಅವಳು ಹೇಳಬೇಕೆಂದದ್ದೂ ಅದನ್ನೇ.

ಕೆಮ್ಮು ಕಡಿಮೆಯಾಗಲಿಲ್ಲ. ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತು. ಗಂಡಸರೆಲ್ಲ ಆ ಕಡೆ ಸ್ನಾನದ ಸರದಿಯಲ್ಲಿದ್ದಾಗ ಪ್ರೆಸ್ಸಿನಮ್ಮನನ್ನು ಸ್ಟ್ರೆಚರಿನಲ್ಲಿ ಮುಂಬಾಗಿಲಿಂದ ಆಸ್ಪತ್ರೆಗೆ ಒಯ್ದರು. ಅವಳು ತಿರುಗಿ ಬರಲಿಲ್ಲ. ಅವಳ ತಂಗಿಯ ಮಗ ಆಸ್ಪತ್ರೆಯಿಂದಲೇ ಹೆಣ ಒಯ್ದ.

ಆಶ್ರಯದಲ್ಲಿ ಸಾವನ್ನು ಊಟದ ಹಾಲಿನಲ್ಲಿ ಕೂಗಿ ಹೇಳುವ ಪದ್ಧತಿ ಇಲ್ಲ. ಹೋದವರ ತಟ್ಟೆ ಎತ್ತಿಡುತ್ತಾರೆ, ಅಷ್ಟೆ. ಹತ್ತಿರದವರಿಗೆ ಯಾರಾದರೂ ಮೆಲ್ಲಗೆ ಹೇಳುತ್ತಾರೆ. ಬೆತ್ತದವರಿಗೆ ಗಂಡಸರ ಕಡೆಯ ಆಯಾ ಹೇಳಿರುತ್ತಾಳೆ ಎಂದು ಹೆಂಗಸರ ಕಡೆಯ ಆಯಾ ತಿಳಿದಳು. ಹೆಂಗಸರ ಕಡೆಯವಳೇ ಹೇಳಿರುತ್ತಾಳೆ ಎಂದು ಆ ಕಡೆಯವಳು ತಿಳಿದಳು. ಇಬ್ಬರಲ್ಲಿ ಒಬ್ಬರು ಹೇಳಿರುತ್ತಾರೆ ಎಂದು ಮೇಡಂ ತಿಳಿದರು. ಇಂಥ ಸುದ್ದಿ ಹೇಳುವುದು ಯಾರಿಗೆ ತಾನೇ ಇಷ್ಟ? ಬೆತ್ತದವರಂತೂ ಯಾರನ್ನೂ ಕೇಳಲಿಲ್ಲ. ಎಲ್ಲರೆದುರು ನನಗೂ ಅವಳಿಗೂ ಏನೂ ಇಲ್ಲ ಎಂದವರು ಯಾವ ಬಾಯಿಂದ ಅವಳೆಲ್ಲಿ ಎಂದು ಕೇಳಬೇಕು?

ಕುರ್ಚಿ ಕೆಲವು ದಿನ ಸಾಮಾನು ಕೋಣೆಯಲ್ಲಿ ನಿಂತಿತ್ತು. ಕಾಜಾ ಅಕ್ಕ ಎದ್ದು ಕೂರುವಷ್ಟು ಆದಾಗ ಆಯಾ ಅದನ್ನು ತಂದು, ದೂಳು ಒರೆಸಿ, ಅವಳನ್ನು ಎತ್ತಿ ಕೂರಿಸಿದಳು. ಎಡಗೈ ಬೆತ್ತದ ಸುತ್ತಿನ ಮೇಲೆ ಹೋಗಿ ಕೂತಿತು. ಎಡಗೈಯಿಂದ ಗಾಲಿ ತಳ್ಳುತ್ತ, ಎಡಗಾಲಿನಿಂದ ನೆಲ ದೂಡುತ್ತ ಅವಳು ಮೆಲ್ಲಗೆ ಜಗಲಿಗೆ ಬಂದಳು. ಗಾಲಿ ಕಿರ್ ಎಂದಿತು. ತಡೆದು ಇನ್ನೊಮ್ಮೆ ಕಿರ್ ಎಂದಿತು.

ಬೆಂಚಿನ ಮೇಲಿದ್ದ ಬೆತ್ತದವರ ಕೈ ನಿಂತಿತು. ಮುಖ ಎತ್ತಿದರು.

"ಬಂದ್ಯಾ?"

ಕಾಜಾ ಅಕ್ಕ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ.

"ಇಷ್ಟು ದಿನ ಹೊರಗೇ ಬರಲಿಲ್ಲ. ಕೆಮ್ಮು ಜೋರಾಗಿತ್ತು, ಕೇಳಿಸ್ತಿತ್ತು ನನಗೆ. ಈಗ ವಾಸಿನಾ? ನಿಧಾನವಾಗಿ ತಳ್ತಾ ಇದೀಯ. ಕೈಯಲ್ಲಿ ಶಕ್ತಿ ಇಲ್ಲ ಅನ್ಸುತ್ತೆ." ಕಿವಿಯನ್ನು ಅವಳ ಕಡೆ ವಾಲಿಸಿದರು. "ಮಾತಾಡ್ಬೇಡ ಬಿಡು. ಬಂದು ಕೂತ್ಯಲ್ಲ, ನನಗೆ ಅಷ್ಟು ಸಾಕು."

ಅವಳಿಗೆ ಅರ್ಥವಾಯಿತು. ಬಾಯಿ ತೆರೆಯಿತು, ಆ ಒಂದು ಮಾತು ಉರುಳಿಬರಲು ನಾಲಿಗೆಯ ತುದಿಗೆ ಬಂತು. ಅದನ್ನು ಕೇಳಿದರೆ ಸಾಕು, ಅವರಿಗೆ ತಿಳಿಯುತ್ತದೆ. ಇಡೀ ಆಶ್ರಯದಲ್ಲಿ ಆ ಮಾತು ಯಾರದೆಂದು ಗೊತ್ತಿಲ್ಲದವರಿಲ್ಲ. "ಅಕ್ಕ, ನಿಮ್ಮನ್ನ ಬಟ್ಟೆ ಜೊತೆ ಒಗೆಯಕ್ಕೆ ಹಾಕ್ಲಾ?" ಎಂದು ಆಯಾ ಕೇಳುವುದು, ಅವಳು "ಆಯ್ತು" ಎನ್ನುವುದು, ಹೆಂಗಸರ ಕೋಣೆಯೆಲ್ಲ ನಗುವುದು ದಿನದ ಮಾತಾಗಿತ್ತು, ಅದು ಗಂಡಸರ ಕಡೆಗೂ ಹಬ್ಬಿತ್ತು.

ಎಡಗೈ ತಾನಾಗಿ ಎದ್ದು ಬಾಯಿ ಮುಚ್ಚಿತು.

ಯಾಕೆ ಮುಚ್ಚಿತು ಎಂದು ಆಮೇಲೆ ಹಾಸಿಗೆಯಲ್ಲಿ ಯೋಚಿಸಿದಳು. ಪಾಪ, ಅವರಿಗೆ ಇಂಥ ಸುದ್ದಿ ಹೀಗೆ ತಿಳಿಯಬಾರದು ಎಂದು ಮೊದಲು ಅನ್ನಿಸಿತು. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. "ಬಂದ್ಯಾ" ಎಂದು ಅಷ್ಟು ಮೆತ್ತಗೆ ಅವಳನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಅಂಗಡಿಗೆ ಹೋದರೆ "ಬಂದೆಯಾ, ಆ ಗಂಟು ಬಿಚ್ಚು" ಎನ್ನುವರು. ಮನೆಗೆ ಬಂದರೆ "ಬಂದ್ರಾ ಅತ್ತೆ, ಕುಕ್ಕರು ಆರಿಸಿ" ಎನ್ನುವರು. ಬಂದದ್ದಕ್ಕೇ ಸಂತೋಷಪಟ್ಟವರು ಇವರೊಬ್ಬರೇ. ಅದೂ ಅವಳಿಗಲ್ಲ.

ಮಾರನೆಯ ದಿನ ಹೋಗಬಾರದು ಎಂದುಕೊಂಡಳು. ಹೋದಳು.

ದಿನಗಳು ಹಾಗೇ ಸಾಗಿದವು. ಗಾಲಿ ಕೂಗುವುದು, ಅವರು ಮುಖ ಎತ್ತುವುದು, ಅವಳು ಬೆಂಚಿನ ಪಕ್ಕ ನಿಂತು ಎಡಗೈಯಿಂದ ಬಾಯಿ ಒತ್ತಿಕೊಳ್ಳುವುದು. ಅವರು ಬೆತ್ತ ಹೆಣೆಯುತ್ತ ಮಾತಾಡುತ್ತಿದ್ದರು. ಚಿಕ್ಕವರಿದ್ದಾಗ ಬೆತ್ತ ನೆನೆಹಾಕಿದ ತೊಟ್ಟಿಯೊಳಗೆ ಬಿದ್ದದ್ದು. ಕೊನೆಯ ಮನೆ ಬಿಡುವಾಗ ಗೋಡೆಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ಬಂದದ್ದು. ಕಣ್ಣಿದ್ದವರು ಕುರ್ಚಿಯ ಮೇಲ್ಗಡೆ ನೋಡಿ ಕೊಳ್ಳುತ್ತಾರೆ, ಅಡಿಯಲ್ಲಿ ಏನಿದೆ ಎಂದು ನೋಡುವುದಿಲ್ಲ, ಆದರೆ ನಾನು ಅಡಿಯನ್ನೂ ಅಷ್ಟೇ ಚೆನ್ನಾಗಿ ಕಟ್ಟುತ್ತಿದ್ದೆ ಎಂದದ್ದು. ಆ ಮಾತು ಕೇಳಿದ ದಿನ ಕಾಜಾ ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಕಾಜಾದ ಹಿಂಭಾಗವನ್ನೂ ತಾನು ಮುಂಭಾಗದ ಹಾಗೇ ಹೊಲಿಯುತ್ತಿದ್ದೆ ಎಂದು ಹೇಳಬೇಕೆನ್ನಿಸಿತು. ಅವರದು ಪ್ರೆಸ್ಸಿನಮ್ಮನಿಗೆಂದು ಹೇಳಿದ ಮಾತಾಗಿದ್ದರೂ ತಿಳಿಯುವುದು ತನಗೆ ಎಂದು ಒಂದು ಸಣ್ಣ ಹೆಮ್ಮೆ. ಆ ಹೆಮ್ಮೆಯ ಬೆನ್ನಿಗೇ ನಾಚಿಕೆ.

ಪ್ರತಿಸಲವೂ ಮಾತಿನ ಕೊನೆಗೆ ಅದೇ ಒಂದಕ್ಕೆ ಬಂದು ನಿಲ್ಲುತ್ತಿದ್ದರು. "ಅವತ್ತು ನಾನು ಹಾಗನ್ನಬಾರದಿತ್ತು. ನಗು ಕೇಳಿ ಹೆದರಿಬಿಟ್ಟೆ ಕಣೇ. ನನ್ನ ಮೇಲೆ ಸಿಟ್ಟು ಹೋಯ್ತಾ ಇಲ್ವಾ, ಅದೊಂದು ಹೇಳಿಬಿಡು."

ಹೋಗಿತ್ತು. ಎಂದೋ ಹೋಗಿತ್ತು. ಭೂಮಿಯ ಮೇಲೆ ಅದು ಗೊತ್ತಿದ್ದವಳು ಕಾಜಾ ಅಕ್ಕ ಒಬ್ಬಳೇ. ಆ ಮಾತನ್ನು ಮಡಿಲಲ್ಲಿ ಇಟ್ಟುಕೊಂಡು ಅವರ ಪಕ್ಕದಲ್ಲೇ ಬಾಯಿ ಮುಚ್ಚಿ ಕೂರುತ್ತಿದ್ದಳು.

ನೋಡುವವರಿಗೆ ಬೇರೆಯೇ ಕಂಡಿತು. "ಬೆತ್ತದವರದ್ದು ದೊಡ್ಡ ಮನಸ್ಸು ಬಿಡಿ" ಎಂದಳು ಆಯಾ, ತಲೆ ಬಾಚುತ್ತ. "ಅಷ್ಟು ಬೇಕಾದವಳು ಹೋಗಿಬಿಟ್ಲು. ಆ ದುಃಖ ನುಂಗ್ಕೊಂಡು ಮಾತು ಬರದ ನಿಮ್ಮನ್ನ ದಿನಾ ಮಾತಾಡಿಸ್ತಾರೆ. ಏನಂತಾರೆ ಅಕ್ಕ? ಏನಾದ್ರೂ ಗುಟ್ಟಾ?" ಕನ್ನಡಿಯಲ್ಲಿ ಕಣ್ಣು ಮಿಟುಕಿಸಿದಳು. "ಮದುವೆ ಊಟ ಯಾವಾಗ?"

"ಆಯ್ತು" ಎಂದುಬಿಟ್ಟಳು ಕಾಜಾ ಅಕ್ಕ, ಬಾಯಿ ಮುಚ್ಚಿಕೊಳ್ಳುವ ಮೊದಲೇ.

"ಅಯ್ಯೋ, ನೋಡ್ರೇ ಇಲ್ಲಿ, ಒಪ್ಪೇಬಿಟ್ರು!" ಕೋಣೆಯ ಹೆಂಗಸರೆಲ್ಲ ನಕ್ಕರು. ಕಾಜಾ ಅಕ್ಕನೂ ನಕ್ಕಳು. ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು.

ಒಂದು ದಿನ ರಿಪೇರಿಯವನು ಎಣ್ಣೆ ಡಬ್ಬಿ ಹಿಡಿದು ಬಂದ. ನಲ್ಲಿ, ಬಾಗಿಲು, ಮಂಚ, ಎಲ್ಲ ನೋಡಿಕೊಳ್ಳುವವನು. "ಈ ಗಾಲಿ ಕೂಗು ಕೇಳಿ ಕೇಳಿ ಕಿವಿ ತೂತಾಯ್ತು ಅಕ್ಕ. ಒಂದೆರಡು ಹನಿ ಬಿಟ್ರೆ ಬಾಯಿ ಮುಚ್ಕೊಳ್ಳುತ್ತೆ. ಹಾಕ್ಲಾ?" ಎಂದು ಕೂತ. ಅವಳು ಎಡಗಾಲನ್ನು ತಂದು ಗಾಲಿಗೆ ಅಡ್ಡ ಇಟ್ಟಳು. "ಆಯ್ತು, ಆಯ್ತು, ಆಯ್ತು!"

"ಆಯ್ತು ಅಂತೀರಿ, ಕಾಲು ಅಡ್ಡ ಇಡ್ತೀರಿ. ನಾನು ಬಾಯಿ ಮಾತು ಕೇಳ್ಲಾ, ಕಾಲಿನ ಮಾತು ಕೇಳ್ಲಾ?" ಅವನು ತಲೆ ಕೆರೆದುಕೊಂಡು ಎದ್ದು ಹೋದ. ಅವಳು ಬಹಳ ಹೊತ್ತು ಕಾಲು ತೆಗೆಯಲಿಲ್ಲ. ತಾನು ಏನು ಮಾಡುತ್ತಿದ್ದೇನೆ ಎಂದು ಅವತ್ತು ಅವಳಿಗೆ ಚೆನ್ನಾಗಿ ತಿಳಿಯಿತು. ಸತ್ತವಳ ದನಿಯನ್ನು ಕದ್ದು ಇಟ್ಟುಕೊಂಡಿದ್ದಳು.

ಹೀಗೇ ಎಷ್ಟು ದಿನ ನಡೆಯುತ್ತಿತ್ತೋ. ಒಂದು ಬೆಳಿಗ್ಗೆ ಬೆತ್ತದವರು ಜಗಲಿಯಲ್ಲಿ ಕೆಲಸ ಮಾಡದೆ ಕೂತಿದ್ದರು. ಗಡ್ಡ ಬೋಳಿಸಿಕೊಂಡಿದ್ದರು. ಒಗೆದ ಅಂಗಿ. ಮೇಲಿನ ಗುಂಡಿಯೊಂದು ತಪ್ಪು ಕಾಜಾಕ್ಕೆ ಹೋಗಿ ಕಾಲರು ಓರೆಯಾಗಿತ್ತು. ಕಾಜಾ ಅಕ್ಕನ ಕಣ್ಣು ಮೊದಲು ಹೋದದ್ದೇ ಅಲ್ಲಿಗೆ.

"ಬಂದ್ಯಾ? ಒಳ್ಳೇದಾಯ್ತು. ಕೇಳು" ಎಂದರು. "ಆ ಕೋಣೆ ಇನ್ನೂ ಖಾಲಿನೇ ಇದೆಯಂತೆ. ಇವತ್ತು ಮಧ್ಯಾಹ್ನ ಊಟದ ಹಾಲಲ್ಲಿ, ಎಲ್ಲರೂ ತಟ್ಟೆ ಮುಂದೆ ಕೂತಿರುವಾಗ, ಎದ್ದು ನಿಂತು ಹೇಳ್ತೀನಿ. ಅವತ್ತು ನಾನು ಸುಳ್ಳು ಹೇಳಿದೆ. ಪ್ರೆಸ್ಸಿನಮ್ಮ ಮಾಡಿದ್ದು ತಮಾಷೆ ಅಲ್ಲ. ನಮ್ಮಿಬ್ಬರಿಗೆ ಆ ಕೋಣೆ ಕೊಡಿ. ಹೀಗೇ ಹೇಳ್ತೀನಿ. ನಗೋರು ನಗಲಿ. ಎಲ್ಲರೆದುರು ಕಳೆದದ್ದನ್ನ ಎಲ್ಲರೆದುರೇ ಕೊಡ್ಬೇಕು, ಅಲ್ವಾ?"

ಕಾಜಾ ಅಕ್ಕನಿಗೆ ಆ ಹಾಲು ಕಣ್ಣಿಗೆ ಕಟ್ಟಿತು. ಇವರು ಕೋಲು ಊರಿ ಎದ್ದು ನಿಲ್ಲುತ್ತಾರೆ. ಸತ್ತವಳಿಗಾಗಿ ಕೋಣೆ ಕೇಳುತ್ತಾರೆ. ಮೊದಲು ಯಾರಿಗೂ ಅರ್ಥವಾಗುವುದಿಲ್ಲ. ಆಮೇಲೆ ಯಾರೋ ಒಬ್ಬರು ಕಿಸಕ್ಕೆನ್ನುತ್ತಾರೆ. ಇನ್ಯಾರೋ ಅಯ್ಯೋ ಎನ್ನುತ್ತಾರೆ. ಮೇಡಂ ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟು ಹೇಳುತ್ತಾರೆ. ತುಂಬಿದ ಹಾಲಿನ ನಡುವೆ, ಯಾವ ಮುಖವೂ ಕಾಣದೆ, ಅವರು ಅದನ್ನು ಕೇಳಿಸಿಕೊಳ್ಳಬೇಕು.

"ನಿನಗೆ ಒಪ್ಪಿಗೆ ತಾನೆ? ಇದಕ್ಕಾದ್ರೂ ಒಂದು ಮಾತು ಹೇಳು" ಎಂದರು.

ಅವಳು ಬಾಯಿಂದ ಕೈ ತೆಗೆದಳು. ಸುಲಭವಾಗಿರಲಿಲ್ಲ. ತೆಗೆದ ಮೇಲೆ ಇನ್ನು ಇವರು "ಬಂದ್ಯಾ" ಎನ್ನುವುದಿಲ್ಲ ಎಂದು ಗೊತ್ತಿತ್ತು.

"ಆಯ್ತು" ಎಂದಳು.

ತಂತಿಯ ಮೇಲಿನ ಬಟ್ಟೆ ಗಾಳಿಗೆ ಪಟಪಟ ಎಂದಿತು. ಬೆತ್ತದವರ ಮುಖದಲ್ಲಿದ್ದ ನಗು ಹೋಗಲಿಲ್ಲ, ಇದ್ದಲ್ಲೇ ಇತ್ತು, ಒಣಗಿದ ಹಾಗೆ. ಅವರು ಮೆಲ್ಲಗೆ ಕೈ ಚಾಚಿದರು. ಕುರ್ಚಿಯ ಆಸರೆ ಸಿಕ್ಕಿತು. ತಾವೇ ಸುತ್ತಿದ ಬೆತ್ತ ಸಿಕ್ಕಿತು. ಅದರ ಮೇಲಿದ್ದ ಕೈ ಸಿಕ್ಕಿತು. ತೋರುಬೆರಳಿನ ತುದಿಯನ್ನು ಮುಟ್ಟಿದರು. ಬಟ್ಟೆಯ ಅಡಿಯಲ್ಲಿ ಹಿಡಿದು ಹಿಡಿದು, ಸೂಜಿ ಚುಚ್ಚಿ ಚುಚ್ಚಿ ದೊರಗಾದ ಬೆರಳು.

"ಕಾಜಾದವರಾ?"

"ಆಯ್ತು."

ಕೈ ಹಿಂದಕ್ಕೆ ಎಳೆದುಕೊಂಡರು, ಬೆಂಕಿ ಮುಟ್ಟಿದವರ ಹಾಗೆ.

"ಇದು ಅವಳ ಕುರ್ಚಿ. ಅವಳೆಲ್ಲಿ?" ಕೇಳಿದ ಮೇಲೆ ಇವಳು ಉತ್ತರ ಕೊಡಲಾರಳು ಎಂದು ನೆನಪಾಗಿರಬೇಕು. ಒಂದೊಂದಾಗಿ ಕೇಳಿದರು. "ತಂಗಿ ಮಗನ ಮನೆಗೆ ಹೋದ್ಲಾ?"

ಅವಳು ಸುಮ್ಮನಿದ್ದಳು.

"ಆಸ್ಪತ್ರೆಗೆ ಹೋದ್ಲಾ?"

"ಆಯ್ತು."

"ವಾಪಸ್ ಬರ್ತಾಳಾ?"

ಅವಳು ಎರಡು ತುಟಿಯನ್ನೂ ಹಲ್ಲಿನ ನಡುವೆ ಕಚ್ಚಿಕೊಂಡಳು. ಅವರು ಕಾದರು. ಕಾಂಪೌಂಡಿನಾಚೆ ಒಂದು ಬಸ್ಸು ಬಂದು ನಿಂತು, ಜನ ಹತ್ತಿಸಿಕೊಂಡು ಹೋಯಿತು. ಅವರು ಇನ್ನೂ ಕಾದರು. ಅವರಿಗೆ ತಿಳಿಯಿತು.

ಬಹಳ ಹೊತ್ತಾದ ಮೇಲೆ ಕೇಳಿದರು. "ನಿಮ್ಮ ಪಕ್ಕದ ಹಾಸಿಗೆ ಅವಳದ್ದು. ನಿಮ್ಮ ಹತ್ರ ಎಲ್ಲ ಹೇಳ್ತಿದ್ಲು. ಹೋಗುವಾಗ ನನ್ನ ಮೇಲಿನ ಸಿಟ್ಟು ಬಿಟ್ಟಿದ್ಲಾ?"

"ಆಯ್ತು!" ಎಂದಳು ಕಾಜಾ ಅಕ್ಕ. ಎದೆಯಲ್ಲಿ ಇದ್ದದ್ದನ್ನೆಲ್ಲ ಅದರಲ್ಲಿ ತುಂಬಿ ಹೇಳಿದಳು. "ಆಯ್ತು, ಆಯ್ತು."

ಅವರು ತಲೆಯಾಡಿಸಿದರು, ಬೇಡ ಎನ್ನುವ ಹಾಗೆ. "ಪಾಪ, ನಿಮಗೆ ಬರೋದು ಅದೊಂದೇ. ಸಮಾಧಾನಕ್ಕೆ ಅಂತೀರೋ, ಗಾಬರಿಗೆ ಅಂತೀರೋ, ನಾನು ಹೇಗೆ ತಿಳ್ಕೊಳ್ಳಲಿ?" ಕೋಲು ಹುಡುಕಿ ಎದ್ದರು. ಎರಡು ಹೆಜ್ಜೆ ಹೋಗಿ ನಿಂತರು. "ಇಷ್ಟು ದಿನ ನೀವೇ ಇದ್ರಾ ಇಲ್ಲಿ?"

ಅದಕ್ಕೆ ಅವಳ ಬಾಯಿಂದ ಏನೂ ಬರಲಿಲ್ಲ. ಹೌದಾಗಿದ್ದರೂ ಬರಲಿಲ್ಲ.

ಮಧ್ಯಾಹ್ನ ಊಟದ ಹಾಲಿನಲ್ಲಿ ಬೆತ್ತದವರ ಜಾಗ ಖಾಲಿ ಇತ್ತು. ಆಯಾಗಳಿಬ್ಬರಿಗೂ ವಿಷಯ ತಿಳಿದು ನೀನು ಹೇಳಬೇಕಿತ್ತು, ನೀನು ಹೇಳಬೇಕಿತ್ತು ಎಂದು ಜಗಳವಾಡಿದರು. ಕಾಜಾ ಅಕ್ಕನ ತಲೆ ಬಾಚುವಾಗ ಯಾರೂ ತಮಾಷೆ ಮಾಡಲಿಲ್ಲ. ಅದು ತಮಾಷೆಗಿಂತ ಕಷ್ಟವಾಗಿತ್ತು.

ಅವಳು ಜಗಲಿಗೆ ಹೋಗುತ್ತಲೇ ಇದ್ದಳು. ಬೆಂಚಿನ ಮೇಲೆ ಅರ್ಧ ಕಟ್ಟಿದ ಸ್ಟೂಲು, ಅದರ ಬೆತ್ತದ ತುದಿಗಳು ಒಣಗಿ ಮೇಲಕ್ಕೆ ಎದ್ದುಕೊಂಡಿದ್ದವು. ಅವರು ಬರಲಿಲ್ಲ. ತಂತಿಯ ಮೇಲಿನ ಅಂಗಿಗಳನ್ನು ನೋಡುತ್ತ ಕೂರುತ್ತಿದ್ದಳು. ಎಲ್ಲ ಮಷಿನ್ನಿನ ಕಾಜಾ. ಒಮ್ಮೆ ತಮ್ಮನ ಮಗಳು ಹಣ್ಣು ತಂದಳು, ಒಂದು ಗಳಿಗೆ ಕೂತಳು. "ಅತ್ತೆ, ಇಲ್ಲಿ ಚೆನ್ನಾಗಿದೀರಾ?" ಎಂದಳು. "ಆಯ್ತು" ಎಂದಳು. ಹುಡುಗಿ ನೆಮ್ಮದಿಯಿಂದ ಹೋದಳು.

ರಿಪೇರಿಯವನು ಮತ್ತೆ ಎಣ್ಣೆ ಡಬ್ಬಿ ಹಿಡಿದು ಆ ಕಡೆ ಬಂದ. ಕುರ್ಚಿಯನ್ನೂ ಅವಳ ಕಾಲನ್ನೂ ನೋಡಿ, ಬೇಡವೇನೋ ಎಂದು ಮುಂದೆ ಹೋಗುತ್ತಿದ್ದ. ಅವಳೇ ಎಡಗೈ ಎತ್ತಿ "ಆಯ್ತು" ಎಂದು ಕರೆದಳು. ಎಡಗಾಲನ್ನು ಗಾಲಿಯಿಂದ ದೂರ ಸರಿಸಿಕೊಂಡಳು.

"ಈಗ ಬಾಯಿ, ಕಾಲು ಎರಡೂ ಒಂದೇ ಮಾತು ಹೇಳ್ತಿವೆ" ಎಂದು ಅವನು ನಗುತ್ತ ಕೂತು ಎಣ್ಣೆ ಬಿಟ್ಟ. ಗಾಲಿಯನ್ನು ಆಚೀಚೆ ತಿರುಗಿಸಿದ. ಸದ್ದಿಲ್ಲ. "ನೋಡಿ, ಹೂವಿನ ಹಾಗೆ ಹೋಗುತ್ತೆ."

ಹೂವಿನ ಹಾಗೇ ಹೋಯಿತು. ಕಾರಿಡಾರಿನಲ್ಲಿ ಅವಳು ಬರುವುದು ಈಗ ಯಾರಿಗೂ ತಿಳಿಯುತ್ತಿರಲಿಲ್ಲ. ಬಾಗಿಲಲ್ಲಿ ನಿಂತವರು ಬೆಚ್ಚಿ ಪಕ್ಕಕ್ಕೆ ಸರಿಯುತ್ತಿದ್ದರು. ಪ್ರೆಸ್ಸಿನಮ್ಮನ ಹಾಸಿಗೆಗೆ ಬೇರೆ ಯಾರೋ ಬಂದಿದ್ದರು. ಅವಳದ್ದೆಂದು ಇದ್ದದ್ದು ಆ ಕೂಗೊಂದೇ, ಅದೂ ಹೋಯಿತು.

ಬಿಸಿಲು ಓರೆಯಾಗಿ ಜಗಲಿಗೆ ಬರುವ ಕಾಲ ಶುರುವಾದಾಗ ಒಂದು ಸಂಜೆ ಬೆತ್ತದವರು ಬೆಂಚಿನ ಮೇಲೆ ಕೂತಿದ್ದರು. ಕೈಯಲ್ಲಿ ಕೆಲಸವಿರಲಿಲ್ಲ. ಇಳಿದುಹೋಗಿದ್ದರು. ಕಾಲರು ಇನ್ನೂ ಓರೆ. ಕಾಜಾ ಅಕ್ಕ ಬಾಗಿಲಲ್ಲೇ ಕುರ್ಚಿ ನಿಲ್ಲಿಸಿದಳು. ಅವರು ಮುಖ ಎತ್ತಲಿಲ್ಲ. ಎತ್ತುವುದು ಹೇಗೆ, ಸದ್ದೇ ಆಗಲಿಲ್ಲವಲ್ಲ. ಬಂದ ಹಾಗೇ ತಿರುಗಿ ಹೋದರೆ ಅವರಿಗೆ ತಿಳಿಯುವುದೂ ಇಲ್ಲ. ಅವಳು ತಿರುಗಲೆಂದು ಗಾಲಿಗೆ ಕೈ ಹಾಕಿದಳು. ಆ ಕೈ ಅಲ್ಲೇ ನಿಂತಿತು. ಮಡಿಲಲ್ಲಿದ್ದ ಮಾತು ಇನ್ನೂ ಕೊಟ್ಟಾಗಿರಲಿಲ್ಲ.

"ಆಯ್ತು" ಎಂದಳು, ಅವರಿಗೆ ಕೇಳಿಸುವಷ್ಟು.

ಅವರು ಈ ಕಡೆ ಕಿವಿ ತಿರುಗಿಸಿದರು. "ಕಾಜಾದವರಾ? ಬನ್ನಿ" ಎಂದರು. ಬನ್ನಿ ಎಂದರು, ಬಾ ಎನ್ನಲಿಲ್ಲ. ಅವಳು ಕುರ್ಚಿಯನ್ನು ಬೆಂಚಿನ ಪಕ್ಕಕ್ಕೆ ತಂದು ನಿಲ್ಲಿಸಿದಳು. "ಗಾಲಿಗೆ ಎಣ್ಣೆ ಹಾಕಿಸಿಬಿಟ್ರಾ?"

"ಆಯ್ತು."

"ಹೂಂ." ಬೆಂಚಿನ ಅಂಚನ್ನು ಬೆರಳಿನಿಂದ ಸವರುತ್ತ ಕೂತರು. "ಅವತ್ತು ನೀವು ಹೇಳಿದ್ದನ್ನ ನಾನು ನಂಬಲಿಲ್ಲ. ಒಂದು ಯೋಚನೆ ಬಂತು ಆಮೇಲೆ. ನಾನು ಕೇಳಿದ್ದೇ ತಪ್ಪು. ಈಗ ತಿರುಗಿಸಿ ಕೇಳ್ತೀನಿ. ಅವಳು ನನ್ನ ಮೇಲೆ ಸಿಟ್ಟು ಇಟ್ಕೊಂಡೇ ಹೋದ್ಲು, ಅಲ್ವಾ?"

ಕಾಜಾ ಅಕ್ಕನಿಗೆ ಅಳು ಒತ್ತಿ ಬಂತು. ಅಳು ಬಂದರೆ ಆ ಮಾತು ಹಿಂದೆಯೇ ಬರುತ್ತದೆ. ಬಂತು, ಗಂಟಲಿಗೆ ಬಂತು, ನಾಲಿಗೆಗೆ ಬಂತು. ಎಡಗೈಯಿಂದ ಬಾಯಿ ಒತ್ತಿ ಹಿಡಿದಳು, ಬೆರಳು ಕೆನ್ನೆಗೆ ಇಳಿಯುವಷ್ಟು. ಅದು ಒಳಗೆ ಹೊರಳಿತು, ಗುದ್ದಿತು. ಉಸಿರನ್ನು ಮೂಗಿನಲ್ಲಿ ಎಳೆದುಕೊಂಡಳು. ಕಣ್ಣೀರು ಬೆರಳ ಮೇಲಿಂದ ಇಳಿದು ಬೆತ್ತದ ಸುತ್ತಿನ ಮೇಲೆ ಬಿತ್ತು. ಬಿಡಲಿಲ್ಲ.

ಬೆತ್ತದವರು ಕತ್ತು ವಾಲಿಸಿ ಕೇಳುತ್ತಿದ್ದರು. ಬಸ್ಸು ಬಂತು, ಹೋಯಿತು. ಯಾರೋ ತಂತಿಯಿಂದ ಬಟ್ಟೆ ತೆಗೆದುಕೊಂಡು ಹೋದರು. ಅವಳು ಸುಮ್ಮನಿದ್ದಳು, ಇನ್ನೂ ಸುಮ್ಮನಿದ್ದಳು.

ಕೊನೆಗೆ ಅವರ ಭುಜ ಇಳಿಯಿತು. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು.

"ಆಗಲಿ" ಎಂದರು. ಅವಳಿಗೆ ಹೇಳಿದರೋ, ಹೋದವಳಿಗೋ.

ಬೆಳಕು ಕಾಂಪೌಂಡಿನ ಮೇಲಿಂದ ಇಳಿದುಹೋಗುವಾಗ ಅವರು ಕೈ ಚಾಚಿ, ಅವಳ ಮೊಣಕೈ ಮುಟ್ಟದಂತೆ ಸುತ್ತಿ ಹೋಗಿ, ಆಸರೆಯ ಬೆತ್ತವನ್ನು ತುದಿಯಿಂದ ತುದಿಗೆ ಸವರಿ ನೋಡಿದರು.

"ಒದ್ದೆಯಾಗಿದೆ" ಎಂದರು. "ಒಣಗಲಿ. ಒಂದು ಕಡೆ ಸಡಿಲ ಆಗಿದೆ, ನಾಳೆ ಬಿಗಿ ಮಾಡ್ತೀನಿ. ಬರ್ತೀರಾ?"

ಅವಳು ಬಾಯಿಂದ ಕೈ ತೆಗೆದಳು.